ಚೀಲ ಕಾಯುವವಳು

ನಾಳೆ ಬೆಳಿಗ್ಗೆ ನನ್ನ ನಾದಿನಿಯ ಸಂಸಾರ ತಂಪಾನೂರು ಸ್ಟೇಷನ್ನಿನಲ್ಲಿ ರೈಲಿಳಿಯುತ್ತದೆ. ಕಾಫಿ ಕುಡಿಯುವ ಮುಂಚೆಯೇ “ಬೀಚಿಗೆ ಎಷ್ಟು ಹೊತ್ತಿಗೆ?” ಎಂದು ಕೇಳುತ್ತಾರೆ, ನನಗೆ ಗೊತ್ತು. ಅದಕ್ಕೇ ಚಾಲೈ ಮಾರ್ಕೆಟ್ಟಿನಲ್ಲಿ ಕೊಂಡಿದ್ದ ದಪ್ಪ ಬಟ್ಟೆಯ ಚೀಲವನ್ನು ಅಟ್ಟದಿಂದ ಇಳಿಸಿ ಬಾಲ್ಕನಿಯಲ್ಲಿ ಕೊಡವಿದೆ. ಎಷ್ಟು ಒಗೆದರೂ ಅದರ ಹೊಲಿಗೆಯ ಸಂದಿನಿಂದ ಒಂದಿಷ್ಟು ಮರಳು ಉದುರುತ್ತದೆ. ಅದನ್ನು ಗುಡಿಸುತ್ತಿದ್ದಾಗ ಜಯತ್ತೆ ನೆನಪಾದರು.

ಸಮುದ್ರದ ಊರಿನಲ್ಲಿ ಕೆಲಸಕ್ಕಿರುವ ನಮ್ಮಂಥ ಕನ್ನಡದವರ ಪಾಡು ನಿಮಗೆ ಗೊತ್ತೋ ಇಲ್ಲವೋ. ರಜೆ ಬಂತೆಂದರೆ ನಮ್ಮ ಮನೆ ಛತ್ರ. ನಮ್ಮ ಯಜಮಾನರದು ಬ್ಯಾಂಕಿನ ಕೆಲಸ. ಮೊದಲು ಕೊಚ್ಚಿ, ಆಮೇಲೆ ಈ ತಿರುವನಂತಪುರ. ಯಾರಿಗೆ ಯಾವ ಬೀಚು ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿ, ಹೇಳುತ್ತೇನೆ. ಫೋರ್ಟ್ ಕೊಚ್ಚಿ ಫೋಟೋ ತೆಗೆಯಲು ಚೆಂದ, ನೀರಿಗಿಳಿಯಲು ಅಲ್ಲ. ಮಕ್ಕಳಿದ್ದರೆ ಚೆರಾಯಿ. ವರ್ಕಲದಲ್ಲಿ ಮೆಟ್ಟಿಲಿಳಿಯುವಾಗ ಖುಷಿ, ಹತ್ತುವಾಗ ದೇವರು ಕಾಣುತ್ತಾನೆ. ಶಂಖುಮುಖದಲ್ಲಿ ಕಡಲು ಮರಳನ್ನೇ ನುಂಗುತ್ತಿದೆ, ಸಂಜೆ ಕೂತು ಕಡಲೆಕಾಯಿ ತಿನ್ನಬಹುದು ಅಷ್ಟೆ. ಇಷ್ಟೆಲ್ಲ ಬಲ್ಲ ನಾನು ಪಾದಕ್ಕಿಂತ ಮೇಲೆ ಸಮುದ್ರದಲ್ಲಿ ನೆಂದವಳಲ್ಲ. ಎಲ್ಲರ ಚಪ್ಪಲಿ, ಮೊಬೈಲು, ಕನ್ನಡಕ, ಒಣಬಟ್ಟೆ ಕಾಯಲು ಒಬ್ಬರು ಬೇಕಲ್ಲ. ಆ ಹುದ್ದೆಗೆ ನನ್ನನ್ನು ಯಾರೂ ನೇಮಿಸಿರಲಿಲ್ಲ. ಯಜಮಾನರಿಗೆ ವರ್ಗವಾಯಿತು, ನನಗೆ ಮಾತ್ರ ಆಗಲಿಲ್ಲ.

ಜಯತ್ತೆ ಯಜಮಾನರ ಸೋದರತ್ತೆ, ಮೈಸೂರಿನವರು, ಮಂಡಿನೋವಿನವರು. ಕೊಚ್ಚಿಗೆ ಬಂದ ದಿನವೇ ನನ್ನ ಹತ್ತಿರ ಹೇಳಿದ್ದರು: “ನಾನು ಸಮುದ್ರ ನೋಡೋಕೆ ಬಂದಿಲ್ಲ ಕಣೇ, ಮುಳುಗೋಕೆ ಬಂದಿದೀನಿ.” ಚೆರಾಯಿಗೆ ಹೋದೆವು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೇ ತಡ, ನಮ್ಮವರು ಅಡ್ಡ ಬಂದರು.

“ಅತ್ತೆ, ಈ ಮಂಡಿ ಇಟ್ಕೊಂಡು ಅಲೇಲಿ ನಿಲ್ಲೋಕಾಗುತ್ತಾ? ಸುಮ್ನೆ ಇವಳ ಜೊತೆ ಕೂತ್ಕೊಳ್ಳಿ.”

ಕೂತರು. ಆದರೆ ನಾನು ಕೊಟ್ಟ ಚಕ್ಕುಲಿಯನ್ನೂ ಮುಟ್ಟಲಿಲ್ಲ. “ಮುಂದಿನ ಸಲ ಬಂದಾಗ ಇವನನ್ನ ಕೇಳೋದೇ ಇಲ್ಲ ನೋಡು” ಎಂದರು ಕೊನೆಗೆ.

ಆಮೇಲೆ ಮೈಸೂರಿನಿಂದ ಸುದ್ದಿ ಬರತೊಡಗಿತು. ಜಯತ್ತೆ ದಿನಾ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಮನೆಯ ಮೆಟ್ಟಿಲು ಹತ್ತಿಳಿಯುತ್ತಿದ್ದಾರಂತೆ. ಇದ್ದಕ್ಕಿದ್ದಂತೆ ಏನಾಯಿತು ಇವರಿಗೆ ಎಂದು ಮನೆಯವರೆಲ್ಲ ನಕ್ಕರಂತೆ. ಏನಾಗಿದೆ ಎಂದು ನನಗೆ ಗೊತ್ತಿತ್ತು.

ನಾವು ತಿರುವನಂತಪುರಕ್ಕೆ ಬಂದ ಮೇಲೆ ಅವರು ಮತ್ತೆ ಬಂದರು. ಪೆಟ್ಟಿಗೆ ತೆರೆದರೆ ಎಲ್ಲಕ್ಕಿಂತ ಮೇಲೆ ಒಂದು ಹಳೇ ನೂಲಿನ ಸೀರೆ, ನೀರಿಗೆಂದೇ ತಂದದ್ದು. ಕೋವಳಂನಲ್ಲಿ ಯಾರನ್ನೂ ಕೇಳದೆ ನಡೆದೇಬಿಟ್ಟರು. ಬೀಚು ಕಾಯುವಾತ ಸೀಟಿ ಊದಿ, “ಅಮ್ಮಾ, ಅವಿಡೆ ಪೋಗಲ್ಲೇ” ಎಂದು ಆಳದ ಕಡೆ ಹೋಗದಂತೆ ತಡೆದು, ಅಲೆ ಕಡಿಮೆಯಿದ್ದ ಕಡೆಗೆ ಕೈ ತೋರಿಸಿದ. ಅಲ್ಲಿಗೇ ಹೋಗಿ, ನಿಲ್ಲುವ ಗೊಡವೆಯೇ ಬೇಡವೆಂದು ನೀರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ಅಲೆ ಮಡಿಲಿಗೆ ಬಂತು. ಇನ್ನೊಂದು ಬಂದು ಅವರನ್ನು ಪೂರ್ತಿ ಉರುಳಿಸಿಬಿಟ್ಟಿತು. ನಾವೆಲ್ಲ ಕಿರುಚಿಕೊಂಡು ಓಡಿದರೆ, ಅವರು ಎದ್ದು ಕೂತು ಬಾಯಲ್ಲಿದ್ದ ನೀರು ಉಗಿದು, “ಉಪ್ಪು ಸ್ವಲ್ಪ ಜಾಸ್ತಿ ಆಯ್ತು” ಎಂದರು, ಸಾರಿನ ರುಚಿ ನೋಡಿದವರ ಹಾಗೆ.

ಬಟ್ಟೆ ಬದಲಿಸಲು ಬಂದಾಗ ಚೀಲವನ್ನೆಲ್ಲ ಕೆದಕಿ ಕೇಳಿದರು: “ಎಲ್ಲರ ಬಟ್ಟೇನೂ ಇದೆ. ನಿಂದೆಲ್ಲಿ?”

“ನಾನು ಇಳಿಯಲ್ಲ ಅತ್ತೆ. ಚೀಲ ನೋಡ್ಕೋಬೇಕಲ್ಲ.”

“ಇದನ್ನ ಕದ್ದೋನಿಗೆ ಸಿಗೋದೇನು? ಒದ್ದೆ ಟವಲ್ಲು.”

ನಾನು ನಕ್ಕೆ. ಮನೆಗೆ ಬಂದು ಮರಳು ಹತ್ತಿದ ಬಟ್ಟೆ ನೆನೆಹಾಕುವಾಗ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ತಿಳಿಯಲಿಲ್ಲ.

ಅಂದಿನಿಂದ ಅವರ ಫೋನು ಮುಗಿಯುವುದು ಒಂದೇ ಮಾತಿನಿಂದ: “ಇಳಿದ್ಯಾ?” ನನ್ನಲ್ಲಿ ಉತ್ತರಗಳಿಗೆ ಬರವಿಲ್ಲ. ಒಂದು ಸಲ ನೆಗಡಿ, ಒಂದು ಸಲ ಹೊಸ ಸೀರೆ, ಇನ್ನೊಂದು ಸಲ ನೆಂಟರ ಮಗು ತೊಡೆಯ ಮೇಲೆ ನಿದ್ದೆಹೋಗಿತ್ತು. ಮೊನ್ನೆ ಮಾತ್ರ ಅವರು ಹಾಗೆ ಕೇಳಲಿಲ್ಲ. “ಬರೋ ತಿಂಗಳು ಮಂಡಿ ಆಪರೇಷನ್ನು. ಇನ್ನು ಸಮುದ್ರಕ್ಕೆ ಇಳಿಯೋಕೆ ಬಿಡ್ತಾರೋ ಇಲ್ವೋ. ಅಷ್ಟರಲ್ಲಿ ನೀನಾದ್ರೂ ಇಳಿದು ಹೇಗಿತ್ತು ಹೇಳು” ಎಂದರು. “ಶನಿವಾರ ರಾತ್ರಿ ಫೋನ್ ಮಾಡ್ತೀನಿ ಅತ್ತೆ” ಎಂದೆ.

ನಾಳೆಯೇ ಶನಿವಾರ. ಈಗ ಚೀಲ ತುಂಬುತ್ತಿದ್ದೇನೆ. ಟವಲ್ಲುಗಳಾದವು, ಮಕ್ಕಳ ಚಡ್ಡಿಗಳಾದವು, ಎಲ್ಲಕ್ಕಿಂತ ಮೇಲೆ ನನ್ನದೊಂದು ಚೂಡಿದಾರ. ಅದನ್ನು ಕಂಡ ಮಗಳು “ಅಮ್ಮಾ, ಶರಿಕ್ಕುಂ?” ಎಂದಳು. ನಿಜವಾಗಿಯೂನಾ ಎಂದು, ಇಲ್ಲಿನ ಶಾಲೆಯಲ್ಲಿ ಕಲಿತ ಮಲಯಾಳದಲ್ಲಿ. ಅವಳು ಕನ್ನಡದಲ್ಲಿ ಕೇಳಿದ್ದರೂ ನನ್ನ ಉತ್ತರ ಅದೇ.

“ಹೂಂ, ನಿಜವಾಗ್ಲೂ.”

ಯಜಮಾನರು ಪೇಪರಿನಿಂದ ತಲೆಯೆತ್ತಿದರು. “ಹಾಗಾದ್ರೆ ಚೀಲ?”

“ನೀವಿದೀರಲ್ಲ” ಎಂದೆ. “ಕೊಡೆ ತಗೊಳ್ಳಿ. ಕೂತಲ್ಲೇ ಕೂತಿದ್ರೆ ಬಿಸಿಲು ಜೋರು.”