ಮೂರು ಭಾಷೆಯಲ್ಲಿ ಕತೆ ಹೇಳುತ್ತಿದ್ದಾತ

ಮತ್ತಿಗಿರಿ ಬಯಲಿನ ಸಿನಿಮಾ ಡೇರೆಗೆ ಹಿಂದಿ ಚಿತ್ರ ಬಂದಾಗ, ಪರದೆಯ ಪಕ್ಕ ನಿಂತು ನಮಗೆಲ್ಲ ಕತೆ ಬಿಡಿಸಿ ಹೇಳುತ್ತಿದ್ದಾತನ ಹೆಸರನ್ನು ನಾನು ಕೇಳಲೇ ಇಲ್ಲ. ಕೈಯಲ್ಲಿ ಬಿದಿರು ಕೋಲು, ಬಾಯಿಗೆ ತಗಡಿನ ಕೊಳವೆ. ಪ್ರತಿ ಮಾತನ್ನೂ ಮೊದಲು ತಮಿಳಿನಲ್ಲಿ, ಆಮೇಲೆ ತೆಲುಗಿನಲ್ಲಿ, ಕೊನೆಗೆ ಕನ್ನಡದಲ್ಲಿ ಹೇಳುವನು. ಯಾರಾದರೂ ಎದ್ದರೆ ಕೋಲು ಚಾಚಿ, “ಕೂತ್ಕೊಳ್ರಿ, ಕತೆ ಇನ್ನೂ ಮುಗ್ದಿಲ್ಲ!” ಎಂದು ಗದರುವನು. ನಮ್ಮಲ್ಲಿ ಮೂರೂ ಭಾಷೆ ಬಾರದವರೇ ಇರಲಿಲ್ಲ. ಒಂದೇ ಮಾತಿಗೆ ಮೂರು ಸಲ ನಗುತ್ತಿದ್ದೆವು.

ಯುದ್ಧದ ಕಾಲ. ಸೈನ್ಯ ಸೇರಿದ್ದ ಚಿಕ್ಕಪ್ಪನಿಂದ ಕಾಗದ ಬಂದು ವರ್ಷವಾಗಿತ್ತು. ಅದು ಊರಿಗೆಲ್ಲ ಗೊತ್ತಿತ್ತು. ಚಿಕ್ಕವ್ವನನ್ನು ನಾನೇ ಬಲವಂತ ಮಾಡಿ ಡೇರೆಗೆ ಕರೆದೊಯ್ದಿದ್ದೆ. ಅಂದಿನ ಚಿತ್ರ ರೈಲಿನದು. ಗುರುತಿಲ್ಲದ ನಾಲ್ವರು ಒಂದೇ ಡಬ್ಬಿಯಲ್ಲಿ ಕೂತು, ಬುತ್ತಿ ಹಂಚಿಕೊಂಡು ನೆಂಟರಂತಾಗುತ್ತಾರೆ. ಅವರಲ್ಲೊಬ್ಬಳು ಯುದ್ಧದಿಂದ ಮರಳುವ ಗಂಡನನ್ನು ಎದುರುಗೊಳ್ಳಲು ಹೊರಟವಳು. ಕೊನೆಯ ನಿಲ್ದಾಣದಲ್ಲಿ ಅವಳ ಕೈಗೆ ತಂತಿ ಬಂತು, ಓದಿ ಅತ್ತಳು.

ಗಂಡ ಸತ್ತನೆಂದು ಆತ ತಮಿಳಿನಲ್ಲಿ ಹೇಳಿದ. ತೆಲುಗಿನಲ್ಲೂ ಹೇಳಿದ. ಆಗ ಹೆಂಗಸರ ಸಾಲಿನಲ್ಲಿ ಸೆರಗು ಕಚ್ಚಿ ಕೂತಿದ್ದ ಚಿಕ್ಕವ್ವ ಅವನ ಕಣ್ಣಿಗೆ ಬಿದ್ದಳು. ಕೊಳವೆಯನ್ನು ಅತ್ತ ತಿರುಗಿಸಿ ಕನ್ನಡದಲ್ಲಿ ಕೂಗಿದ:

“ಗಂಡ ಬದುಕವ್ನಂತೆ ಕಣ್ರವ್ವ, ನಾಳೆ ಗಾಡಿಗೆ ಬತ್ತಾನಂತೆ. ಸಂತೋಸಕ್ಕೆ ಅಳ್ತಾವ್ಳೆ!”

ಡೇರೆಯಲ್ಲಿ ಯಾರೂ ನಗಲಿಲ್ಲ, ಯಾರೂ ತಿದ್ದಲೂ ಇಲ್ಲ.

ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ: “ಚಿಕ್ಕವ್ವ, ತಮಿಳಿನಾಗೆ ಬೇರೆ ಹೇಳಿದ್ನಲ್ಲ?”

“ನಂಗೂ ತಮಿಳು ಬತ್ತದೆ ಕಣೆ,” ಎಂದಳು ಚಿಕ್ಕವ್ವ. “ಆದ್ರೆ ಕನ್ನಡದಾಗೆ ಹೇಳಿದ್ದನ್ನ ಮನೆಗೆ ತಗೊಂಡೋಯ್ತಿವ್ನಿ.”