ಗಾಳಿಯಲ್ಲಿ ಹಿಡಿದ ತಕ್ಕಡಿ

ಭಾನುವಾರ ತಡವಾಗಿ ಏಳುವವರನ್ನು ಕಂಡರೆ ಈಚೆಗೆ ನನಗೆ ಸಣ್ಣ ಹೊಟ್ಟೆಕಿಚ್ಚು. ಎದುರು ಮನೆಯವರು ಬಿಸಿಲು ಬಾಗಿಲಿಗೆ ಬಂದ ಮೇಲೆ ಎದ್ದು, ಆಕಳಿಸುತ್ತ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ. ಆ ಹೊತ್ತಿಗೆ ನಾನು ದುರ್ಗದ ಹೊರವಲಯದ ಮೈದಾನದಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಸೆರಗನ್ನು ಕಿವಿಗೆ ಸುತ್ತಿಕೊಂಡು, ಹದಿಮೂರು ವರ್ಷದ ಮಗಳು ಸಿಂಚನಾ ಚೆಂಡಿನ ಹಿಂದೆ ಓಡುವುದನ್ನು ನೋಡುತ್ತಿರುತ್ತೇನೆ. ನೋಡುತ್ತಿರುತ್ತೇನೆ ಎನ್ನುವುದೂ ಪೂರ್ತಿ ನಿಜವಲ್ಲ. ಅರ್ಧ ಹೊತ್ತು ಕಣ್ಣು ಮುಚ್ಚಿರುತ್ತದೆ. ಅವಳು ಗೋಲು ಹೊಡೆದರೆ ಪಕ್ಕದವರು ತಟ್ಟಿ ಎಬ್ಬಿಸುತ್ತಾರೆ. ಮನೆಗೆ ಬಂದು ಆ ಗೋಲನ್ನು ಕಣ್ಣಾರೆ ಕಂಡವಳಂತೆ ಬಣ್ಣಿಸುತ್ತೇನೆ. ಹೀಗೆ ನಾನು ಕಾಣದ ಎಷ್ಟೋ ಗೋಲುಗಳು ಈಗ ನನಗೆ ಬಹಳ ಸ್ಪಷ್ಟವಾಗಿ ನೆನಪಿವೆ. ನೆನಪಿನ ಮೇಲೆ ನನಗೆ ನಂಬಿಕೆ ಹೋದದ್ದು ಹಾಗೆ.

ಮಗಳು ಫುಟ್‌ಬಾಲ್ ಕ್ಲಬ್ಬು ಸೇರಿದ್ದು ಯಾಕೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಒಂದು ಅಚ್ಚುಕಟ್ಟಾದ ಉತ್ತರ ಇದೆ: ಚಿಕ್ಕಂದಿನಿಂದಲೂ ಸಿಕ್ಕಿದ್ದನ್ನೆಲ್ಲ ಒದೆಯುತ್ತಿದ್ದಳು. ಒದೆಯದ ಮಗು ಯಾವುದು? ಬೇಸಿಗೆ ರಜೆಯಲ್ಲಿ ಎರಡು ವಾರ ಮನೆಯಿಂದಾಚೆ ಇರಲಿ ಎಂದು ಕಳಿಸಿದೆವು, ಅಷ್ಟೇ. ರಜೆ ಮುಗಿಯಿತು, ಕ್ಲಬ್ಬು ಮುಗಿಯಲಿಲ್ಲ. ಮೊದಲು ಸಂಜೆಗಳು ಹೋದವು, ಆಮೇಲೆ ಭಾನುವಾರಗಳು. ಒಂದು ವಾರ ಹಿರಿಯೂರಿನಲ್ಲಿ ಪಂದ್ಯ, ಇನ್ನೊಂದು ವಾರ ಹೊಸದುರ್ಗದಲ್ಲಿ. ನೆಂಟರ ಮದುವೆಗಳಿಗೆ ನಾವು ಊಟದ ಕೊನೆಯ ಪಂಕ್ತಿಗೆ ಹೋಗಿ, ಮೊಣಕಾಲಿಗೆ ಕೆಮ್ಮಣ್ಣು ಮೆತ್ತಿದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರೂ ಏನೂ ಕೇಳದಂತೆ ಬೇಗ ಉಂಡು ಎದ್ದುಬರುವುದನ್ನು ಕಲಿತೆವು.

ಮೆಟ್ಟಿಲ ಮೇಲೆ ನನ್ನ ಜೊತೆಗಾರರೆಂದರೆ ಮುಜೀಬ್ ಸಾಹೇಬರು. ಬೈಕು, ಆಟೋಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಅವರದು. ಅವರ ಮಗಳು ಸಾನಿಯಾ ನಮ್ಮ ತಂಡದ ಗೋಲ್‌ಕೀಪರ್. ಹೊರ ಊರಿನ ಪಂದ್ಯಕ್ಕೆ ಎಲ್ಲರೂ, ಭಾನುವಾರ ಮೈದಾನಕ್ಕೆ ನಾವಿಬ್ಬರೂ ಅವರ ವ್ಯಾನಿನಲ್ಲೇ ಹೋಗುವುದು. ಆಟ ನಡೆಯುವಾಗ ಅವರು ಮೈದಾನ ನೋಡುವುದಕ್ಕಿಂತ ಹೆಚ್ಚಾಗಿ ಮೆಟ್ಟಿಲ ಕಲ್ಲನ್ನೇ ನೋಡುತ್ತಾರೆ. ಅದಕ್ಕೆ ಎಂಥ ಸೀಟು ಹೊಲಿಯಬಹುದು ಎಂಬ ಯೋಚನೆ. “ಇವ್ರು ಬಾಲ್ ಒದೆಯೋದು ಕಲಿತಾರೋ ಇಲ್ವೋ ಮೇಡಮ್ಮೋರೆ, ನಾವಂತೂ ಕುಂತ್ಕಳೋದು ಚೆನ್ನಾಗಿ ಕಲ್ತೀವಿ” ಎಂದು ಒಮ್ಮೆ ಹೇಳಿದರು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ವಾರವಿಡೀ ನಿಂತಿದ್ದವಳಿಗೆ ಅದೂ ಒಂದು ಲಾಭವೇ ಎಂದೆ.

ಲಾಭನಷ್ಟದ ಮಾತು ಮೆಟ್ಟಿಲ ಮೇಲೆ ಎಂದೂ ಮುಗಿಯುವುದಿಲ್ಲ. ಕ್ರೀಡಾ ಕೋಟಾದಲ್ಲಿ ಮುಂದೆ ಸೀಟು ಸಿಗುತ್ತದಂತೆ ಎಂದು ಒಬ್ಬರು. ಯಾರಿಗೆ ಸಿಕ್ಕಿದೆ ಹೇಳಿ ಎಂದು ಇನ್ನೊಬ್ಬರು. ಮಕ್ಕಳು ಮೊಬೈಲು ಬಿಟ್ಟವು ಎಂದು ಮತ್ತೊಬ್ಬರು ಮೊಬೈಲಿನಿಂದ ಕಣ್ಣೆತ್ತದೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಈ ತೂಕದ ಕೆಲಸ ನನ್ನ ಗಂಡನದು. ಅವರದು ಹಾರ್ಡ್‌ವೇರ್ ಅಂಗಡಿ. ಮೊಳೆಯನ್ನು ತೂಗಿ ಮಾರುವವರಿಗೆ ತೂಗದೆ ಬಿಟ್ಟ ವಸ್ತು ಲೋಕದಲ್ಲಿ ಇರಬಾರದು. ಬೂಟು, ಪ್ರಯಾಣ, ಉಳುಕಿದ ಪಾದ, ಬಿಟ್ಟುಹೋದ ಗಣಿತದ ಟ್ಯೂಶನ್ನು ಒಂದು ಕಡೆ. ಇನ್ನೊಂದು ಕಡೆಗೆ ಏನು ಹಾಕುವುದು ಎಂದು ನನ್ನನ್ನು ಕೇಳುತ್ತಾರೆ. ಆಟ ಮುಗಿಸಿ ಬಂದವಳು ಊಟದ ತಟ್ಟೆಯ ಮುಂದೆ ಕೂತಲ್ಲೇ ನಿದ್ದೆ ಹೋಗುವಾಗ ಅವಳ ಮುಖ ಹೇಗಿರುತ್ತದೋ ಅದನ್ನು ಹಾಕಿ ಎಂದು ನನಗೆ ಅನ್ನಿಸುತ್ತದೆ. ಹೇಳುವುದಿಲ್ಲ. ಹೇಳಿದರೆ ಅದೂ ಹಗುರವಾಗಿಬಿಡುತ್ತದೆ.

ನಮ್ಮ ಸಂತೆಯಲ್ಲಿ ಸೊಪ್ಪು ಮಾರುವವರು ಗಾಳಿ ಜೋರಾದಾಗ ಮೈಯನ್ನೇ ಅಡ್ಡ ಕೊಟ್ಟು ತಕ್ಕಡಿ ಹಿಡಿಯುತ್ತಾರೆ. ನಮ್ಮದು ಗಾಳಿಯ ಊರು. ಗುಡ್ಡಗಳ ಮೇಲೆಲ್ಲ ಕರೆಂಟು ಮಾಡುವ ಬಿಳಿ ಫ್ಯಾನುಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಂತೂ ಮೈದಾನದ ಗಾಳಿಗೆ ಮಾತು ಬಾಯಿಂದ ಹೊರಟು ಪಕ್ಕದವರನ್ನು ಬಿಟ್ಟು ಆಚೆಯವರ ಕಿವಿಗೆ ಬೀಳುತ್ತದೆ. ಪಡುವಣದಿಂದ ಬೀಸುವ ಈ ಗಾಳಿ ಮೈದಾನವನ್ನು ಅಡ್ಡ ಹಾಯುವುದರಿಂದ, ಬಡಗಣ ಗೋಲಿಗೆ ನೇರವಾಗಿ ಒದ್ದ ಚೆಂಡು ಬಲಕ್ಕೆ ಜಾರಿ ಬೇಲಿ ಸೇರುತ್ತದೆ. ಒದೆಯುವ ಅಭ್ಯಾಸ ನಡೆಯುವುದೂ ಆ ಗೋಲಿಗೇ. ಆದ್ದರಿಂದ ನಮ್ಮ ಮಕ್ಕಳು ಗೋಲಿಗೆ ಗುರಿಯಿಡುವುದಿಲ್ಲ. ಕಂಬದಿಂದ ಎರಡು ಮಾರು ಎಡಕ್ಕೆ, ಏನೂ ಇಲ್ಲದ ಕಡೆಗೆ ಒದೆಯುತ್ತವೆ. ಗಾಳಿ ಚೆಂಡನ್ನು ಒಳಗೆ ತಂದು ಬಿಡುತ್ತದೆ. ಇದನ್ನು ಯಾರೂ ಕಲಿಸಿದ್ದಲ್ಲ. ಬೇರೆ ಊರಿನವರು ಇಲ್ಲಿಗೆ ಬಂದು ಕಂಗಾಲಾದಾಗ ನಮಗೆಲ್ಲ ಒಂದು ಗುಟ್ಟಿನ ಹೆಮ್ಮೆ.

ಈ ವರ್ಷ ಸುತ್ತಲಿನ ನಾಲ್ಕು ತಾಲ್ಲೂಕುಗಳ ಕ್ಲಬ್ಬುಗಳಿಂದ ಮಕ್ಕಳನ್ನು ಆರಿಸಿ ಒಂದು ದೊಡ್ಡ ತಂಡ ಕಟ್ಟುವುದಾಗಿ ಕ್ಲಬ್ಬಿನವರು ಹೇಳಿದರು. ಆಯ್ಕೆ ಹೊಳಲ್ಕೆರೆಯ ಆಚೆ, ರಾಮಗಿರಿಯಲ್ಲಿ. ನನ್ನ ಗಂಡನಿಗೆ ತೂಕದ ಕಲ್ಲು ಸಿಕ್ಕಂತಾಯಿತು. ಆಯ್ಕೆಯಾದರೆ ಮುಂದುವರಿಸುವುದು, ಆಗದಿದ್ದರೆ ಆ ಭಾನುವಾರದಿಂದಲೇ ಕ್ಲಬ್ಬು ನಿಲ್ಲಿಸುವುದು ಎಂದು ಊಟದ ಹೊತ್ತಿನಲ್ಲಿ ತೀರ್ಮಾನವಾಯಿತು. ಸಿಂಚನಾ ತಲೆ ಎತ್ತದೆ, “ಆಯ್ತು ಬಿಡು ಅಪ್ಪಾಜಿ” ಅಂದಳು. ನಾನು ಬೇಡವೆನ್ನಲಿಲ್ಲ. ಒಂದು ಉತ್ತರ ಬಂದರೆ ಸಾಕು ಎನ್ನುವಷ್ಟು ದಣಿದಿದ್ದೆ.

ಆ ದಿನ ಮೋಡ ಕವಿದಿತ್ತು ಎಂದು ಇಲ್ಲಿ ಬರೆದು ಹೊಡೆದುಹಾಕಿದೆ. ಮಗಳು ಸೋತ ದಿನಕ್ಕೆ ಒಪ್ಪುತ್ತದೆಂದು ಮನಸ್ಸು ಆಮೇಲೆ ತಂದು ಕಟ್ಟಿದ ಮೋಡ ಅದು. ನಿಜಕ್ಕೂ ಗೊತ್ತಿರುವುದು ಇಷ್ಟು: ಗುಡ್ಡದ ಮಗ್ಗುಲಲ್ಲೇ ಮೈದಾನ, ಗಾಳಿಯೆಲ್ಲ ಗುಡ್ಡದ ಆಚೆಗೆ. ಮುಜೀಬ್ ಸಾಹೇಬರು ಬೀಡಿ ಹಚ್ಚಿದಾಗ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಅದನ್ನು ನಾವಿಬ್ಬರೂ ನೋಡಿದೆವು. ಅದರ ಅರ್ಥ ಇಬ್ಬರಿಗೂ ಹೊಳೆಯಲಿಲ್ಲ.

ಒಬ್ಬೊಬ್ಬರಿಗೂ ಮೂರು ಸಲ ಚೆಂಡು ಇಟ್ಟು ಗೋಲಿಗೆ ಒದೆಯಲು ಹೇಳಿದರು. ಹಿರಿಯೂರಿನ ಮಕ್ಕಳು ಒದ್ದವು, ಹೊಳಲ್ಕೆರೆಯವು ಒದ್ದವು. ನಮ್ಮವರ ಸರದಿ ಬಂದಾಗ, ಒಬ್ಬರ ಹಿಂದೆ ಒಬ್ಬರು, ಎಲ್ಲರೂ ಎಡಗಂಬದ ಆಚೆ ಒದ್ದರು. ಚೆಂಡುಗಳು ಸ್ವಲ್ಪವೂ ಓಲಾಡದೆ, ಇಟ್ಟ ಗುರಿಗೆ ಸರಿಯಾಗಿ ಹೋಗಿ ಎಡಕ್ಕೆ ಬಿದ್ದವು. ಹೊಳಲ್ಕೆರೆಯ ತಾಯಿಯೊಬ್ಬರು ನನ್ನ ಕಡೆ ತಿರುಗಿ, “ನಿಮ್ ಕಡೆ ಗೋಲು ಅಲ್ಲಿರ್ತದೇನ್ರಿ?” ಎಂದು ಕೇಳಿದರು. ಕುಹಕವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದರು. ಸಿಂಚನಾ ಮೊದಲ ಎರಡನ್ನೂ ಹಾಗೇ ಕಳೆದಳು. ಮೂರನೆಯದಕ್ಕೆ ಮೊದಲು ನಿಂತು ಮರದ ಎಲೆ ನೋಡಿದಳು. ಅವಳಿಗೆ ಅರ್ಥವಾಗಿದೆ ಎಂದು ನನಗೆ ಅರ್ಥವಾಯಿತು. ಆದರೆ ತಲೆಗೆ ತಿಳಿದದ್ದು ಕಾಲಿಗೆ ತಿಳಿಯಬೇಕಲ್ಲ. ಚೆಂಡು ಕಂಬಕ್ಕೆ ತಾಗಿ ಹೊರಗೆ ಹೋಯಿತು.

ದುರ್ಗದಿಂದ ಆಯ್ಕೆಯಾದದ್ದು ಸಾನಿಯಾ ಒಬ್ಬಳೇ. ಬರುವ ಚೆಂಡನ್ನು ಹಿಡಿಯುವವಳಿಗೆ ಗಾಳಿ ಇದ್ದರೇನು, ಬಿಟ್ಟರೇನು. ವ್ಯಾನಿನಲ್ಲಿ ಮುಜೀಬ್ ಸಾಹೇಬರು ಮಗಳು ಗೆದ್ದದ್ದಕ್ಕೆ ಕ್ಷಮೆ ಕೇಳುವವರಂತೆ ಮೆಲ್ಲಗೆ ಓಡಿಸಿದರು. ಗಾಳಿಯೇ ಇರಲಿಲ್ಲ ಎಂದು ಯಾರೋ ಹೇಳಹೊರಟು ಅರ್ಧಕ್ಕೆ ಬಿಟ್ಟರು. ಸೋತ ಮಕ್ಕಳ ಹೆತ್ತವರು ಹೇಳದ ನೆಪವಿಲ್ಲ. ನಿಜವಾದ ಕಾರಣವೂ ನಮ್ಮ ಬಾಯಲ್ಲಿ ನೆಪದ ಹಾಗೇ ಕೇಳುತ್ತದೆ. ಸಿಂಚನಾ ಮನೆಗೆ ಬಂದು ಬೂಟು ಬಿಚ್ಚುವಾಗ, “ಅಮ್ಮ, ನಾನು ಅಂದ್ಕಂಡ ಕಡೇನೇ ಹೋತು ನೋಡು” ಅಂದಳು.

ಮುಂದಿನ ಭಾನುವಾರ ಅಲಾರಂ ಇಟ್ಟಿರಲಿಲ್ಲ. ಆದರೂ ಕತ್ತಲಿರುವಾಗಲೇ ಎಚ್ಚರವಾಯಿತು. ಎಷ್ಟೋ ಕಾಲದಿಂದ ಬಯಸಿದ್ದ ನಿದ್ದೆ ಅಲ್ಲೇ ಇತ್ತು, ನನಗೆ ಬರಲಿಲ್ಲ. ಪಕ್ಕದಲ್ಲಿ ಗಂಡನೂ ಇರಲಿಲ್ಲ. ಹುಡುಕಿಕೊಂಡು ಮಹಡಿಗೆ ಹೋದರೆ ಒಣಹಾಕಿದ ಟವೆಲ್ಲಿನ ಮುಂದೆ ನಿಂತು, ಅದು ಯಾವ ಕಡೆಗೆ ಹಾರುತ್ತಿದೆ ಎಂದು ನೋಡುತ್ತಿದ್ದರು. ಕೆಳಗೆ ಬೀದಿಯಲ್ಲಿ ಮುಜೀಬ್ ಸಾಹೇಬರ ವ್ಯಾನು ಬಂದು ನಿಂತಿತು. ಹಾರ್ನ್ ಮಾಡಲಿಲ್ಲ. ಎಂಜಿನ್ನನ್ನೂ ನಿಲ್ಲಿಸಲಿಲ್ಲ.

ಆಮೇಲೆ ಗಂಡ ಟವೆಲ್ಲಿನಿಂದ ಕಣ್ಣು ತೆಗೆಯದೆಯೇ, “ಎಬ್ಬಿಸು ಅವ್ಳನ್ನ. ಗಾಳಿ ಚೆನ್ನಾಗೈತೆ” ಎಂದರು.

ಆ ಮಾತು ಆಡಿದ್ದು ನಾನು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಇರಬಹುದು. ನೆನಪಿನ ವಿಷಯದಲ್ಲಿ ನಾನು ಜಗಳವಾಡುವುದನ್ನು ಬಿಟ್ಟಿದ್ದೇನೆ. ಇಬ್ಬರಲ್ಲಿ ಯಾರು ಆಡಿದರೂ, ಇನ್ನೊಬ್ಬರು ಆಗಲೇ ಮೆಟ್ಟಿಲಿಳಿಯುತ್ತಿದ್ದರು ಎಂಬುದರಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿಲ್ಲ.