ಅಧ್ಯಕ್ಷರು ದ್ವೀಪ ಕೊಯ್ದದ್ದು

ತಿತಿಕಾಕಾ ಸರೋವರದ ಮೇಲೆ ಜೊಂಡಿನ ತೇಲುವ ದ್ವೀಪ ಕಟ್ಟಿಕೊಂಡು ಬದುಕುವ ನಮ್ಮ ಜನರಲ್ಲಿ ಮನೆಗೊಬ್ಬ ಅಧ್ಯಕ್ಷನಿದ್ದಾನೆ ಎಂದು ದಡದ ಪೂನೋ ಪೇಟೆಯವರು ಆಡಿಕೊಳ್ಳುತ್ತಾರೆ. ಇದು ಶುದ್ಧ ಸುಳ್ಳು. ಇರುವುದು ದ್ವೀಪಕ್ಕೊಬ್ಬ. ದ್ವೀಪಗಳೇ ಜಾಸ್ತಿ, ಅದಕ್ಕೆ ನಾವೇನು ಮಾಡೋಣ?

ನಮ್ಮ ಸುಮಾ ಉರು ದ್ವೀಪದ ಅಧ್ಯಕ್ಷರು ನನ್ನ ಷಡ್ಡಕ ಮೆಲಿತೋನ್ ಕೊಯ್ಲಾ. ನಾಲ್ಕೈದು ಗುಡಿಸಲು, ಒಂದು ಜೊಂಡಿನ ಗೋಪುರ, ಒಂದಷ್ಟು ಕೋಳಿ, ಒಂದು ಬಾವುಟ. ಸಾಮ್ರಾಜ್ಯ ಇಷ್ಟೇ. ಆದರೆ ಬೆಳಿಗ್ಗೆ ಗಡ್ಡ ಹೆರೆದು, ಎದೆಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟಿ ಹಾಕಿಕೊಂಡು ಹೊರಗೆ ಕಾಲಿಟ್ಟರೆಂದರೆ, ಮನುಷ್ಯ ಬರುವ ಮೊದಲೇ ಪದವಿ ಬಂದು ನಿಂತಿರುತ್ತಿತ್ತು. ತಮ್ಮ ಕುರ್ಚಿಯ ಅಡಿಗೆ ಬೇರೆಯವರಿಗಿಂತ ಎರಡು ಕಟ್ಟು ಹೆಚ್ಚು ಜೊಂಡು ಹಾಕಬೇಕೆಂದು ಅವರದೇ ಆಜ್ಞೆ. ಎತ್ತರ ಹೆಚ್ಚಿದಂತೆ ಭಾರವೂ ಹೆಚ್ಚಿ ಆ ಜಾಗವೇ ಮೊದಲು ನೀರಿಗಿಳಿಯುತ್ತಿತ್ತು. ಮತ್ತೆ ಎರಡು ಕಟ್ಟು. ಹೀಗಾಗಿ ಅಧ್ಯಕ್ಷರ ಪಾದ ವರ್ಷವಿಡೀ ಒದ್ದೆ.

ಕಟ್ಟಳೆಯ ಪ್ರಕಾರ ಈ ಪದವಿಯನ್ನು ವರ್ಷಕ್ಕೊಮ್ಮೆ ಸಭೆ ಸೇರಿ ಬದಲಾಯಿಸಬೇಕು. ಆದರೆ ದಿನಾ ಗಡ್ಡ ಹೆರೆಯುವ ರಗಳೆ ಯಾರಿಗೆ ಬೇಕು? ಕೇಳುವವರಿಲ್ಲದೆ ಅದು ಅವರಲ್ಲೇ ಉಳಿದುಬಿಟ್ಟಿತ್ತು. ಕೆಲಸವೇನೆಂದರೆ, ನಾನು ಪೂನೋದಿಂದ ದೋಣಿಯಲ್ಲಿ ತಂದಿಳಿಸುವ ಪ್ರವಾಸಿಗಳ ಮುಂದೆ ಆಟಿಕೆಯಂಥ ಪುಟ್ಟ ದ್ವೀಪವೊಂದನ್ನಿಟ್ಟುಕೊಂಡು, ಬೇರಿನ ಹೆಂಟೆ ಹೇಗೆ ತೇಲುತ್ತದೆ, ಮೇಲೆ ಜೊಂಡು ಹೇಗೆ ಹಾಸುತ್ತೇವೆ ಎಂದು ಭಾಷಣ ಮಾಡುವುದು. ಅವರು ಅದನ್ನು ಸಂವಿಧಾನ ಓದಿದ ಹಾಗೆ ಓದುತ್ತಿದ್ದರು. ಪ್ರವಾಸಿಗಳು ಆಕಾಶ ನೋಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವರ ಗಂಟಲು ಕಟ್ಟಿತು. ಬೇರೆ ದಾರಿಯಿಲ್ಲದೆ ಹೆಂಡತಿ ಸತುರ್ನಿನಾ ಆಟಿಕೆ ದ್ವೀಪದ ಮುಂದೆ ಕೂತಳು. ಗಂಡ ಗೊರಕೆ ಹೊಡೆದರೆ ಪಕ್ಕದ ಮನೆಯ ಕೋಳಿ ಹೇಗೆ ಓಲಾಡುತ್ತದೆ ಎಂದು ಮಾಡಿ ತೋರಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಹೆಂಗಸರು ಕಸೂತಿ ಹಾಕಿದ್ದ ಬಟ್ಟೆಗಳೆಲ್ಲ ಖರ್ಚಾದವು. ಮುಂದಿನ ಸಭೆಯಲ್ಲಿ ಹೆಂಗಸರೆಲ್ಲ ಸತುರ್ನಿನಾಗೆ ಕೈ ಎತ್ತಿದರು. ಗಂಡಸರು ಒಮ್ಮೆ ತಂತಮ್ಮ ಹೆಂಡಿರ ಮುಖ ನೋಡಿ, ಆಮೇಲೆ ತಾವೂ ಎತ್ತಿದರು.

"ದಂಗೆ!" ಎಂದರು ಮೆಲಿತೋನ್. "ನನ್ನ ಹಾಸಿಗೆಯಲ್ಲೇ ದಂಗೆಕೋರಳು! ಗರಗಸ ತನ್ನಿ!"

ಒಟ್ಟಿಗೆ ಬಾಳಲಾಗದಿದ್ದರೆ ನಾವು ಕೋರ್ಟಿಗೆ ಹೋಗುವುದಿಲ್ಲ, ದ್ವೀಪವನ್ನೇ ಕೊಯ್ದುಕೊಳ್ಳುತ್ತೇವೆ. ಅದಕ್ಕೆಂದೇ ಎರಡೂ ತುದಿಗೆ ಹಿಡಿಯಿರುವ ಉದ್ದ ಗರಗಸವಿದೆ. ನಿಯಮ ಒಂದೇ: ಜಗಳವಾಡಿದ ಇಬ್ಬರೂ ಒಂದೊಂದು ತುದಿ ಹಿಡಿಯಬೇಕು. ಒಬ್ಬನೇ ಮುನಿಸಿಕೊಂಡರೆ ದ್ವೀಪ ತುಂಡಾಗದು. ಹಾಗಾಗಿಯೇ ಎಷ್ಟೋ ದ್ವೀಪಗಳು ಇನ್ನೂ ಇಡಿಯಾಗಿವೆ. ಸತುರ್ನಿನಾ ಹಿಡಿಯಲಾರಳೆಂದು ನಾವೆಲ್ಲ ನಂಬಿದ್ದೆವು. ಅವಳು ಆಲೂಗಡ್ಡೆ ಸುಲಿದು ಮುಗಿಸಿ, ಕೈ ಒರೆಸಿಕೊಂಡು ಬಂದು ಇನ್ನೊಂದು ತುದಿ ಹಿಡಿದಳು.

"ಎಳೀಬೇಕು ಕಣೇ, ತಳ್ಳಬಾರದು!"

"ನೀವು ನಿಮ್ಮ ಸರದಿಗೆ ಬಿಟ್ರೆ ತಾನೆ ನಾನು ಎಳಿಯೋದು? ಬಿಡೋ ಅಭ್ಯಾಸವೇ ಇಲ್ಲವಲ್ಲ ನಿಮಗೆ."

ಎರಡು ದಿನ ಕೊಯ್ದರು. ನಡುವೆ ಒಂದೇ ಮಡಕೆಯ ಮೀನಿನ ಸಾರು ಉಂಡರು, ಒಂದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದರು, ಎದ್ದು ಮತ್ತೆ ಕೊಯ್ದರು. ನನ್ನ ಹೆಂಡತಿ ನೆಲಿಗೆ ತಡೆಯಲಾಗಲಿಲ್ಲ. "ಅಕ್ಕಾ, ಭಾವ ನಿಜವಾಗ್ಲೂ ಹೋಗಿಬಿಟ್ರೆ?"

"ಹೋಗಲಿ" ಎಂದಳು ಸತುರ್ನಿನಾ. ಮತ್ತೆ ನಾಲ್ಕು ಎಳೆತದ ನಂತರ ಮೆಲ್ಲಗೆ, "ಒಲೆ ಹಚ್ಚೋಕೂ ಬರಲ್ಲ ಕಣೇ ಅದಕ್ಕೆ. ಹಸೀ ಮೀನು ತಿಂದು ಸಾಯುತ್ತೆ."

ಪಾಲಿನ ಸಮಯದಲ್ಲಿ ಮೆಲಿತೋನ್ ಮುಂಭಾಗವನ್ನು ಆರಿಸಿಕೊಂಡರು: ಗೋಪುರ, ಬಾವುಟ, ಕುರ್ಚಿ, ಪ್ರವಾಸಿಗಳು ಕೂರುವ ಜೊಂಡಿನ ಬೆಂಚು. ಒಲೆ, ಹಾಸಿಗೆ, ಕೋಳಿ, ಜನ ಎಲ್ಲ ಹಿಂಭಾಗದಲ್ಲೇ ಉಳಿದವು. ಬೆಳಿಗ್ಗೆ ಕೊನೆಯ ಬೇರು ತುಂಡಾಗುವ ಹೊತ್ತಿಗೆ ನಾನು ಪೂನೋಗೆ ಹೊರಟಿದ್ದೆ. "ತಮ್ಮಾ, ಮೊದಲ ದೋಣಿ ನನ್ನ ದ್ವೀಪಕ್ಕೇ ಬರಬೇಕು" ಎಂದು ನನಗೆ ಕೂಗಿ, ಮೆಲಿತೋನ್ ಆಮೇಲೆ ತಿರುಗಿ ಗಟ್ಟಿಯಾಗಿ, "ಹೂಂ, ಗೂಟ ಹೊಡೀರಿ!" ಎಂದರು.

ದ್ವೀಪ ನಿಲ್ಲುವುದು ನೀರಿನ ತಳಕ್ಕೆ ಹೊಡೆದ ನೀಲಗಿರಿ ಗೂಟಗಳಿಂದ. ಕೊಯ್ದ ಮೇಲೆ ಹೊಸ ತುಂಡಿಗೆ ಹೊಸ ಗೂಟ ಹೊಡೆಯಬೇಕು, ಇದು ಕೂಸಿಗೂ ಗೊತ್ತು. ಮೆಲಿತೋನ್‌ಗೂ ಗೊತ್ತು. ಆದರೆ ಇಷ್ಟು ವರ್ಷ ಅವರು ಹೊಡೀರಿ ಎಂದರೆ ಯಾರೋ ಹೊಡೆದಿರುತ್ತಿದ್ದರು. ಆಜ್ಞೆ ಹೊರಟಿತೆಂದರೆ ಕೆಲಸ ಆಯಿತೆಂದೇ ಲೆಕ್ಕ. ಈಗಿನ ದೇಶದಲ್ಲಿ ಪ್ರಜೆಗಳೇ ಇಲ್ಲವೆಂಬುದು ಅವರ ಗಮನಕ್ಕೆ ಬರಲಿಲ್ಲ.

ನಾನು ಪ್ರವಾಸಿಗಳನ್ನು ತಂದಾಗ ಹೊಸ ದ್ವೀಪ ಹಳೆಯದರ ಪಕ್ಕದಲ್ಲೇ ಇತ್ತು. ಇಳಿದವರಿಗೆ "ಕಮಿಸರಾಕಿ" ಎಂದು ನಮಸ್ಕಾರ ಹೇಳಿಕೊಟ್ಟು, ಅಧ್ಯಕ್ಷರು ಕುರ್ಚಿ ಏರಿದರು. ಗಾಳಿಯೂ ಎದ್ದಿತು.

"ನಮ್ಮದು ಸ್ವತಂತ್ರ ದ್ವೀಪ" ಎಂದು ಶುರುಮಾಡಿ, ಸರೋವರದಲ್ಲಿ ಎಲ್ಲ ಅಧ್ಯಕ್ಷರೂ ಹೇಳುವ ಹಳೇ ನಗೆಮಾತಿಗೆ ಬಂದರು. "ಗೂಟಕ್ಕೆ ಕಟ್ಟದೇ ಹೋದರೆ, ಬೆಳಿಗ್ಗೆ ಏಳುವಾಗ ನಾವು ಆಚೆ ದಡದ ಬೊಲಿವಿಯಾ ದೇಶದಲ್ಲಿರ್ತೀವಿ. ಪಾಸ್‌ಪೋರ್ಟೂ ಇರಲ್ಲ!"

ಲಿಮಾದಿಂದ ಬಂದಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೈ ಎತ್ತಿದಳು. "ಸ್ವಾಮಿ, ಆ ಪಕ್ಕದ ದ್ವೀಪ ಯಾಕೆ ಹಿಂದೆ ಹಿಂದೆ ಹೋಗ್ತಿದೆ?"

ಮೆಲಿತೋನ್ ತಿರುಗಿಯೂ ನೋಡಲಿಲ್ಲ. "ಅದು ವಿರೋಧ ಪಕ್ಷದ ದ್ವೀಪ ತಾಯಿ. ಹಿಂದೆ ಹೋಗೋದೇ ಅವರ ಕೆಲಸ."

"ಮತ್ತೆ ಆ ಬೆಟ್ಟವೂ ಹೋಗ್ತಿದೆಯಲ್ಲ?"

ಆಗ ತಿರುಗಿದರು. ಸತುರ್ನಿನಾಳ ಒಲೆಯ ಹೊಗೆ ಗೇಣುದ್ದವಾಗಿ ಕಾಣುತ್ತಿತ್ತು. ಮುಂದೆ ಜೊಂಡಿನ ಕಾಲುವೆ ಮುಗಿದು ಬಯಲು ನೀರು. ಅಲ್ಲಿಗೆ ಹೋದ ದ್ವೀಪ ಅಲೆಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ನಾನು ದೋಣಿ ಕಟ್ಟಿ ಎಳೆಯಲು ನೋಡಿದೆ. ಎಂಜಿನ್ ಕೆಮ್ಮಿತು, ದ್ವೀಪವೇ ನನ್ನನ್ನು ಎಳೆದುಕೊಂಡು ಹೊರಟಿತು. ಪ್ರವಾಸಿಗಳಿಗೆ ದೋಣಿ ಹತ್ತಿ ಎಂದರೆ ಒಬ್ಬರೂ ಏಳಲೊಲ್ಲರು. ಇಂಥ ಪ್ರದರ್ಶನ ಬೇರೆ ದ್ವೀಪಗಳಲ್ಲಿ ಇಲ್ಲವಂತೆ.

ಅಷ್ಟರಲ್ಲಿ ಸತುರ್ನಿನಾ ಬಂದಳು. ಹುಟ್ಟು ಹಾಕುತ್ತಿದ್ದವಳು ನೆಲಿ, ದೋಣಿಯ ಮೂತಿಯಲ್ಲಿ ನಿಂತ ಸತುರ್ನಿನಾಳ ಕೈಯಲ್ಲಿ ದಪ್ಪ ಹಗ್ಗ. ಹಗ್ಗದ ಇನ್ನೊಂದು ತುದಿ ಹಿಂದೆ, ನಮ್ಮ ದ್ವೀಪದ ಗೂಟದಲ್ಲಿ. ನೀರಲ್ಲಿ ಬಿಚ್ಚಿಕೊಳ್ಳುತ್ತಾ ಆ ಹಗ್ಗ ಆಗಲೇ ಮುಗಿಯುತ್ತಾ ಬಂದಿತ್ತು.

"ಹಗ್ಗ ಎಸಿಯೇ!" ಎಂದರು ಮೆಲಿತೋನ್.

"ಯಾರನ್ನ ಕೇಳ್ತಿದ್ದೀರಿ?"

"ನಿನ್ನನ್ನೇ!"

"ನಾನ್ಯಾರು?"

"ನನ್ನ ಹೆಂಡತಿ!"

"ಹೆಂಡತಿ ಒಲೆ ಮುಂದೆ ಇದ್ದಾಳೆ. ಇಲ್ಲಿ ಹಗ್ಗ ಹಿಡ್ಕೊಂಡು ನಿಂತಿರೋದು ಯಾರು?"

ಅಧ್ಯಕ್ಷರು ಬಾವುಟ ನೋಡಿದರು. ನನ್ನ ಮುಖ ನೋಡಿದರು. ನಾನು ಎಂಜಿನ್ ನೋಡಿದೆ. ಕಾಲಡಿಯಲ್ಲಿ ಜೊಂಡು ಚರ್ ಎಂದು ಒಂದು ಮೂಲೆ ಬಿಟ್ಟುಕೊಂಡಿತು.

"ಹೇಳ್ಬಿಡಿ ಸ್ವಾಮಿ" ಎಂದಳು ಲಿಮಾದ ಹೆಂಗಸು. "ನಮ್ಮೆಜಮಾನ್ರಿಗೂ ಕಷ್ಟವೇ ಆಗಿತ್ತು. ಒಂದ್ಸಲ ಹೇಳಿದ್ಮೇಲೆ ಸರಾಗ ಬರುತ್ತೆ."

"ಅಧ್ಯಕ್ಷೆ" ಎಂದರು ಮೆಲಿತೋನ್, ತಮ್ಮ ಎದೆಗೆ ಮಾತ್ರ ಕೇಳುವಂತೆ.

"ಗಾಳಿ ಜೋರಾಗಿದೆ. ಕೇಳಿಸಲಿಲ್ಲ."

"ಅಧ್ಯಕ್ಷೆಯವರೇ! ದಮ್ಮಯ್ಯ, ಹಗ್ಗ!"

ಹಗ್ಗ ಬಂತು. ಪ್ರವಾಸಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆಮೇಲೆ ಸಾಲಾಗಿ ನಿಂತು ಎಳೆದರು. ತುಂಡು ಪಕ್ಕಕ್ಕೆ ಬಂದು ತಾಗಿದಾಗ ಸತುರ್ನಿನಾ ಗಂಡನಿಗೆ, "ಸಾರು ಆರಿಹೋಗಿದೆ, ಬಿಸಿ ಮಾಡ್ಲಾ?" ಎಂದಳು. ಅವರು ತಲೆಯಾಡಿಸಿದರು.

ಈಗ ಎರಡು ತುಂಡನ್ನೂ ಬಿಗಿದು ಕಟ್ಟಿ ಮೇಲೆ ಜೊಂಡು ಹಾಸಿದ್ದೇವೆ. ಬೇರು ಕೂಡಿಕೊಳ್ಳಲು ಕಾಲ ಬೇಕು. ಅಲ್ಲಿ ನಡೆದರೆ ಇನ್ನೂ ಕಾಲು ಕುಸಿಯುತ್ತದೆ. ಗೂಟವನ್ನು ಮೆಲಿತೋನ್ ಸ್ವತಃ ಹೊಡೆದರು. ಎರಡು ಓರೆಯಾಗಿವೆ.

ಗಡ್ಡ ಹೆರೆಯುವುದನ್ನು ಅವರು ಬಿಟ್ಟಿಲ್ಲ. ದೋಣಿ ಬಂದೊಡನೆ ಎಲ್ಲರಿಗಿಂತ ಮುಂದೆ ಹೋಗಿ, ಎದೆಯುಬ್ಬಿಸಿ, "ನಾನು ಅಧ್ಯಕ್ಷೆಯ ಪತಿ" ಎನ್ನುತ್ತಾರೆ. ಪ್ರವಾಸಿಗಳು ಮುಗಿಬಿದ್ದು ಕೈ ಕುಲುಕುತ್ತಾರೆ. ಅಧ್ಯಕ್ಷರಾಗಿದ್ದಾಗ ಈ ಮರ್ಯಾದೆ ಅವರಿಗೆ ಸಿಕ್ಕಿದ್ದಿಲ್ಲ.

ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ಬರೋ ವರ್ಷ ಬೇರೆ ಮನೆಯವರಿಗೆ ಕೊಡ್ತಾರಂತೆ ಪದವಿನ. ಕಟ್ಟಳೆ ಗಿಟ್ಟಳೆ ಅಂತಿದ್ದಾರೆ. ನೀನು ನಾಲ್ಕು ಜನರ ಕಿವಿ ಮೇಲೆ ಹಾಕಿಡು. ಅವಳನ್ನ ಇಳಿಸೋಕೆ ನಾನಂತೂ ಬಿಡೋನಲ್ಲ."